ದೊಡ್ಡಮ್ಮನ ಮೂರು ಸೀಡಿ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅಣ್ಣನ ಮಗಳು ದೊಡ್ಡಮ್ಮನ ಹಾಡು ಕೇಳಬೇಕೆಂದಳು. ಅವಳು ಹುಟ್ಟುವ ಮೊದಲೇ ದೊಡ್ಡಮ್ಮ ತೀರಿಕೊಂಡಿದ್ದರು. 'ನನ್ನ ಹತ್ತಿರ ಸೀಡಿ ಇದೆ, ಕಳಿಸುತ್ತೇನೆ' ಎಂದೆ, ತುಸು ಹೆಮ್ಮೆಯಿಂದಲೇ. ಬೆಂಗಳೂರಿಗೆ ಬಂದು ಕಪಾಟಿನಿಂದ ಮೂರನ್ನೂ ತೆಗೆದೆ. ಮೊದಲನೆಯದು ಓಡಿತು. ಎರಡನೆಯದು ಡ್ರೈವಿನೊಳಗೆ ಗರಗರ ಸುತ್ತಿ ನಿಂತಿತು. ಮೂರನೆಯದನ್ನು ಕಂಪ್ಯೂಟರು ಖಾಲಿ ಎಂದಿತು.

ಸಾಗರದ ಕಡೆಯ ನಮ್ಮ ಮದುವೆ ಮನೆಗಳಲ್ಲಿ ದೊಡ್ಡಮ್ಮನ ಹಾಡಿಲ್ಲದೆ ಯಾವ ಶಾಸ್ತ್ರವೂ ಶುರುವಾಗುತ್ತಿರಲಿಲ್ಲ. 1991ರಲ್ಲಿ ಅಣ್ಣ ಅವರನ್ನು ಜಗಲಿಯ ಮೇಲೆ ಕೂರಿಸಿ, ಅರವತ್ತು ನಿಮಿಷದ ಮೂರು ಕ್ಯಾಸೆಟ್ ತುಂಬಿಸಿದ್ದ. ಮಲೆನಾಡಿನ ಮಳೆಗೆ ಅವು ಬೂಷ್ಟು ಹಿಡಿಯತೊಡಗಿದಾಗ, 2004ರಲ್ಲಿ, ಸೀಡಿಗೆ ಇಳಿಸಲು ಹೊರಟೆ. ಸ್ಟುಡಿಯೋದ ಹಿರಿಯರೊಬ್ಬರು ಮೊದಲ ಕ್ಯಾಸೆಟ್ಟನ್ನು ಚಿನ್ನದ ಪದರದ ಡಿಸ್ಕಿಗೆ ಹಾಕಿಕೊಟ್ಟರು. ಬೆಲೆ ಕೇಳಿ ಎದೆ ಧಸಕ್ಕೆಂದಿತು. ಉಳಿದೆರಡನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದು ಎಸ್.ಪಿ. ರಸ್ತೆಗೆ ಹೋಗಿ, ಹೆಸರಿಲ್ಲದ ಐವತ್ತು ಡಿಸ್ಕಿನ ಡಬ್ಬಿ ತಂದೆ. ಹಾಡು ತುಂಬಿಸಿದೆ, ಮೇಲೆ ಚೆಂದದ ಸ್ಟಿಕ್ಕರ್ ಅಂಟಿಸಿದೆ, ಕ್ಯಾಸೆಟ್ಟುಗಳನ್ನು ಎಸೆದೆ.

ಕೆಟ್ಟ ಮೇಲೆ ಬುದ್ಧಿ ಬಂತು. ನಾವು ಬರೆಯುವ ಸೀಡಿಯಲ್ಲಿ ಹಾಡನ್ನು ಹಿಡಿದಿಡುವುದು ಒಂದು ತೆಳು ಬಣ್ಣದ ಪದರ. ಲೇಸರ್ ಅದರಲ್ಲಿ ಗುರುತು ಮೂಡಿಸುತ್ತದೆ. ಅದರ ಬೆನ್ನಿಗೆ ಬೆಳಕನ್ನು ವಾಪಸು ಕಳಿಸುವ ಲೋಹ, ಲೋಹದ ಮೇಲೆ ಬರೀ ವಾರ್ನಿಶ್. ಅಂದರೆ ನಾವು ಕೆಳಬದಿಯನ್ನು ಜೋಪಾನ ಮಾಡುತ್ತೇವೆ, ನಿಜವಾದ ಅಪಾಯ ಹೆಸರು ಬರೆಯುವ ಮೇಲ್ಬದಿಗೆ. ಸ್ಟಿಕ್ಕರಿನ ಅಂಟು, ಬಾಲ್‌ಪೆನ್ನಿನ ಮೊನೆ ಎರಡೂ ಅದಕ್ಕೆ ವೈರಿ. ಬಣ್ಣಗಳಲ್ಲಿ ಸಯನೈನ್ ಬೆಳಕಿಗೆ ಬೇಗ ಸೋಲುತ್ತದೆ, ಥಾಲೋಸಯನೈನ್ ಹೆಚ್ಚು ತಾಳುತ್ತದೆ. ಬೆಳ್ಳಿಯ ಪದರ, ದೇವರ ಮನೆಯ ಬೆಳ್ಳಿ ದೀಪದ ಹಾಗೆಯೇ, ಗಾಳಿಯ ಗಂಧಕಕ್ಕೆ ಕಪ್ಪಾಗಬಹುದು. ಚಿನ್ನಕ್ಕೆ ಆ ಭಯವಿಲ್ಲ. ಸ್ಟುಡಿಯೋದ ಹಿರಿಯರು ನಡುವಿನ ಪಾರದರ್ಶಕ ಉಂಗುರದ ಮೇಲೆ ಮಾತ್ರ ಸಣ್ಣಕ್ಷರದಲ್ಲಿ 'ಒಂದು' ಎಂದು ಬರೆದಿದ್ದರು. ಆಗ ಅದು ಜಿಪುಣತನದಂತೆ ಕಂಡಿತ್ತು.

ಈಗ ಎಂ-ಡಿಸ್ಕ್ ಎಂಬುದಿದೆ. ಅದರಲ್ಲಿ ಮಾಸುವ ಬಣ್ಣದ ಬದಲು ಕಲ್ಲಿನಂಥ ಪದರವಿದ್ದು, ಸಾವಿರ ವರ್ಷ ಬಾಳುತ್ತದೆಂದು ತಯಾರಕರು ಹೇಳಿಕೊಂಡಿದ್ದರು. ಇರಲಿ, ಓದುವ ಯಂತ್ರ? ಒಳ್ಳೆಯ ಡಿಸ್ಕಿಗೆ ಹೆಸರಾಗಿದ್ದ ಜಪಾನಿನ ತೈಯೋ ಯೂದೆನ್ 2015ರಲ್ಲಿ ಈ ವ್ಯಾಪಾರವನ್ನೇ ಬಿಟ್ಟಿತು. ನನ್ನ ಹೊಸ ಲ್ಯಾಪ್‌ಟಾಪಿಗೆ ಸೀಡಿ ಹಾಕುವ ಬಾಯೇ ಇಲ್ಲ.

ದೊಡ್ಡಮ್ಮ ಸೌತೆ ಬೀಜಕ್ಕೆ ಬೂದಿ ಬೆರೆಸಿ ಅಡಿಗೆ ಮನೆಯ ಗೋಡೆಗೆ ಮೆತ್ತಿಡುತ್ತಿದ್ದರು. ವರ್ಷವೂ ಬಿತ್ತಿ, ಹೊಸ ಬೀಜ ತೆಗೆದು, ಪಕ್ಕದ ಮನೆಗೂ ಒಂದು ಹಿಡಿ ಕೊಡುತ್ತಿದ್ದರು. ನಮ್ಮದು ಹೋದರೂ ಅವರಲ್ಲಿ ಇರುತ್ತದೆ ಎಂಬುದು ಅವರ ಲೆಕ್ಕ. ಗೋಡೆ ಗಟ್ಟಿಯಿದೆ ಎಂದು ಅವರು ಯಾವತ್ತೂ ಸುಮ್ಮನೆ ಕೂತವರಲ್ಲ. ನಾನು ಕಪಾಟನ್ನು ನಂಬಿ ಇಪ್ಪತ್ತು ವರ್ಷ ಕೂತಿದ್ದೆ.

ಉಳಿದ ಒಂದು ಸೀಡಿಯ ಹಾಡುಗಳು ಈಗ ಎರಡು ಹಾರ್ಡ್ ಡಿಸ್ಕಿನಲ್ಲಿವೆ, ಒಂದು ಎಂ-ಡಿಸ್ಕಿನಲ್ಲೂ ಇವೆ. ಒಂದು ಹಾರ್ಡ್ ಡಿಸ್ಕ್ ಊರಲ್ಲಿ, ಅಣ್ಣನ ಬಳಿ. ಪ್ರತಿ ದೀಪಾವಳಿಗೂ ಎಲ್ಲವನ್ನೂ ಹಾಕಿ ಕೇಳಿ ನೋಡುವುದೆಂದು ಮಾತಾಗಿದೆ.

ಹಸೆಗೆ ಕರೆಯುವ ಹಾಡು ಮೂರನೆಯದರಲ್ಲಿತ್ತು. ದೊಡ್ಡಮ್ಮನ ಮಗಳಿಗೆ ಫೋನ್ ಮಾಡಿದೆ. ಎರಡು ನುಡಿ ನೆನಪಿದೆಯಂತೆ, ಮೂರನೆಯದು ಅರ್ಧ. 'ದನಿ ಅಮ್ಮನ ಹಾಗಿಲ್ಲ ಮಾರಾಯ' ಎಂದು ಅಕ್ಕ ಹಿಂಜರಿದಳು. ಪರವಾಗಿಲ್ಲ, ಬರುವ ವಾರ ಅಣ್ಣನ ಮಗಳನ್ನೂ ಕರೆದುಕೊಂಡು ಬರುತ್ತೇನೆ ಎಂದಿದ್ದೇನೆ.