ಥರ್ಟಿ ಫಾರ್ಟಿಯ ಕಾಗೆ

ನಮ್ಮ ಧರ್ಮಪುರದ ಕಡೆ ಕುರಿಗೆ ನಾಲ್ಕು ಮೂಲೆಯ ಮನೆ ಕಟ್ಟಿಸುವ ರೂಢಿ ಈಚಿನದು. ಮೊದಲಿದ್ದದ್ದು ರೊಪ್ಪ. ಬಾರೆ ಮುಳ್ಳು, ಜಾಲಿ ಮುಳ್ಳು ಕಡಿದು ಸುತ್ತಲೂ ಎಳೆದರೆ ಅದು ತಾನಾಗಿಯೇ ದುಂಡಗಾಗುತ್ತಿತ್ತು. ದುಂಡಿಗೆ ಮಟ್ಟ ಬೇಡ, ಮೇಸ್ತ್ರಿ ಬೇಡ, ನಡುವೆ ಒಂದು ಗೂಟವಿದ್ದರೆ ಅದೇ ಹೆಚ್ಚು. ಇನ್ನೊಂದು ಅನುಕೂಲವನ್ನು ಅಪ್ಪ ಹೇಳುತ್ತಾರೆ. ರಾತ್ರಿ ನಾಯಿಗೋ ತೋಳಕ್ಕೋ ಬೆದರಿದ ಕುರಿಗಳು ಮೂಲೆ ಸಿಕ್ಕಿದರೆ ಒಂದರ ಮೇಲೊಂದು ಒತ್ತಿಕೊಂಡು ಅಡಿಯ ಮರಿ ಉಸಿರುಕಟ್ಟುತ್ತದೆ. ದುಂಡಗಿದ್ದರೆ ಸುತ್ತು ಹಾಕುತ್ತಾ ಇರುತ್ತವೆ.

ಹಾಗಾಗಿ ಶೆಡ್ಡಿನ ಮಾತು ಬಂದಾಗ ಅಪ್ಪನ ಮೊದಲ ಪ್ರಶ್ನೆ, "ದುಂಡಗೇ ಕಟ್ಸಿದ್ರೆ ಏನಾಗ್ತೈತೆ?" ಎಂಬುದು. ಆಗುವುದಿಷ್ಟೆ: ಅಂಗಡಿಯಲ್ಲಿ ಸಿಗುವ ಶೀಟು ದುಂಡಗಿಲ್ಲ. ಕಬ್ಬಿಣದ ಪೈಪೂ ನೇರ, ಹಾಲೋಬ್ಲಾಕೂ ನೇರ. ಕುರಿಗಾಗಲೀ ನಮಗಾಗಲೀ ಲಂಬಕೋನದ ಹಂಗೇನೂ ಇಲ್ಲ, ಶೀಟಿಗಿದೆ. ಕಲ್ಲುಕಂಬ ನೆಟ್ಟು ಮೇಲೆ ಶೀಟು ಹೊದಿಸುವ ಕೊಟ್ಟಿಗೆಯಲ್ಲಿ ಗೋಡೆಯೇ ಇರುವುದಿಲ್ಲವಾದ್ದರಿಂದ ನೆಲದಲ್ಲಿ ಮೂಲೆ ವಾರೆಯಾದದ್ದು ಯಾರ ಕಣ್ಣಿಗೂ ಬೀಳದು. ಶೀಟು ಜೋಡಿಸಲು ಮೇಲೆ ಹತ್ತಿದ ದಿನ ಬೀಳುತ್ತದೆ. ಒಂದು ತುದಿಯಲ್ಲಿ ಶೀಟು ಪೈಪನ್ನು ದಾಟಿ ಹೊರಗೆ ಚಾಚಿದರೆ, ಇನ್ನೊಂದು ತುದಿಯಲ್ಲಿ ಪೈಪಿಗೇ ಮುಟ್ಟುವುದಿಲ್ಲ.

ಅಳತೆ ಎಷ್ಟು ಎಂದು ಮೇಸ್ತ್ರಿ ಕೇಳಿದಾಗ ನನ್ನ ಬಾಯಿಗೆ ಬಂದದ್ದು ಥರ್ಟಿ ಫಾರ್ಟಿ. ಬೆಂಗಳೂರಿನಿಂದ ಹಿರಿಯೂರಿನವರೆಗೆ ಸೈಟು ಎಂದರೆ ಅದೇ ತಾನೆ. ಸಾಲ ಮಾಡಿ ಅದನ್ನು ಕೊಂಡವರಲ್ಲಿ ಎಷ್ಟು ಜನ ಮೂಲೆಯಿಂದ ಮೂಲೆಗೆ ಟೇಪು ಹಿಡಿದಿದ್ದಾರೋ ಗೊತ್ತಿಲ್ಲ, ಹಿಡಿದರೆ ಸರಿಯಾಗಿ 50 ಅಡಿ ಬರಬೇಕು. 3, 4, 5ನ್ನು ಹತ್ತರಿಂದ ಗುಣಿಸಿದ್ದು ಅದು. ಚೂರೂ ಭಿನ್ನರಾಶಿಯಿಲ್ಲದ ಇಂಥ ಕರ್ಣ ಮೇಸ್ತ್ರಿಗೆ ವರ ಎಂದುಕೊಂಡಿದ್ದೆ. ಅವರು ನೆಲದ ಮೇಲೆ ಕಡ್ಡಿಯಿಂದ ಗೀಚಿ, "ಕಾಕಾಯ ಬರ್ತೈತಣ್ಣ, ಬ್ಯಾಡ" ಅಂದರು.

ಆಯದ ಲೆಕ್ಕ ಸುಲಭದ್ದು. ಉದ್ದ ಅಗಲ ಗುಣಿಸಿ ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜ, ಎರಡು ಧೂಮ, ಮೂರು ಸಿಂಹ, ನಾಲ್ಕು ಶ್ವಾನ, ಐದು ವೃಷಭ, ಆರು ಖರ, ಏಳು ಗಜ, ಏನೂ ಉಳಿಯದಿದ್ದರೆ ಕಾಗೆ. ಬೆಸ ಉಳಿದರೆ ಶುಭ, ಸಮ ಉಳಿದರೆ ಅಶುಭ. (ಭಾಗಿಸುವ ಮೊದಲು ಒಂಬತ್ತರಿಂದ ಗುಣಿಸಬೇಕು ಎನ್ನುವವರಿದ್ದಾರೆ. ಒಂಬತ್ತು ಎಂಟಕ್ಕಿಂತ ಒಂದೇ ಹೆಚ್ಚಾದ್ದರಿಂದ ಗುಣಿಸಿದರೂ ಬಿಟ್ಟರೂ ಉಳಿಯುವುದು ಅಷ್ಟೇ. ಅದನ್ನು ಹೇಳಿ ಯಾರ ದಕ್ಷಿಣೆಯನ್ನೂ ಕಡಿಮೆ ಮಾಡಿಸುವ ಉದ್ದೇಶ ನನಗಿಲ್ಲ.) 1200ನ್ನು ಎಂಟರಿಂದ ಭಾಗಿಸಿದರೆ ಉಳಿಯುವುದು ಸೊನ್ನೆ. ನಾಡಿನ ಥರ್ಟಿ ಫಾರ್ಟಿಗಳ ಮೇಲೆಲ್ಲ ಕಾಗೆ ಕೂತಿದೆ!

ಹಾಗಾದರೆ 15 ಅಡಿಗೆ 20 ಅಡಿ? ಕರ್ಣ 25, ಆಯ ಶ್ವಾನ. 18ಕ್ಕೆ 24? ಕರ್ಣ 30, ಮತ್ತೆ ಕಾಗೆ. 5ಕ್ಕೆ 12 ನಾಯಿ, 8ಕ್ಕೆ 15 ಕಾಗೆ. ರಾತ್ರಿ ಕೂತು ಲೆಕ್ಕ ಹಾಕುತ್ತಾ ಹೋದಂತೆ ಗುಟ್ಟು ತಿಳಿಯಿತು. ಎರಡು ಬದಿಯೂ ಕರ್ಣವೂ ಪೂರ್ಣ ಸಂಖ್ಯೆಯಾಗಬೇಕಾದರೆ ಬದಿಗಳಲ್ಲೊಂದು ನಾಲ್ಕರಿಂದ ಭಾಗವಾಗಲೇಬೇಕು. ಅದು ಸಂಖ್ಯೆಗಳ ಸ್ವಭಾವ. ಗುಣಲಬ್ಧವೂ ನಾಲ್ಕರಿಂದ ಭಾಗವಾದ ಮೇಲೆ ಎಂಟರ ಲೆಕ್ಕದಲ್ಲಿ ಉಳಿಯುವುದು ನಾಲ್ಕು, ಇಲ್ಲವೇ ಸೊನ್ನೆ. ಅಂದರೆ ಮೂಲೆ ಹಿಡಿಯುವ ಹಗ್ಗಕ್ಕೆ ಹಿತವಾದ ಪಾಯವೆಲ್ಲ ಪಂಚಾಂಗಕ್ಕೆ ನಾಯಿ ಅಥವಾ ಕಾಗೆ. ಆನೆ, ಎತ್ತು, ಸಿಂಹ ಬೇಕೆಂದರೆ ಎರಡೂ ಬದಿ ಬೆಸವಿರಬೇಕು, ಆಗ ಕರ್ಣ ಇಂಚುಗಳಲ್ಲಿ ಒಡೆದುಹೋಗುತ್ತದೆ.

ತಮಾಷೆಯೆಂದರೆ ಹಗ್ಗದ ಲೆಕ್ಕವೂ ಶಾಸ್ತ್ರದಿಂದಲೇ ಬಂದದ್ದು. ಯಜ್ಞವೇದಿಗಳನ್ನು ನೆಲದ ಮೇಲೆ ಗುರುತು ಹಾಕುವುದಕ್ಕೆಂದೇ ಇರುವ ಶುಲ್ಬಸೂತ್ರಗಳಲ್ಲಿ ಬೌಧಾಯನ 3-4, 5-12, 8-15, 7-24, 12-35 ಎಂದು ಜೋಡಿಗಳನ್ನೇ ಕೊಡುತ್ತಾನೆ. ಆಪಸ್ತಂಬ ಸೋಮಯಾಗದ ಮಹಾವೇದಿಗೆ ಹೇಳುವ ಉಪಾಯ ಇನ್ನೂ ಸೊಗಸು. ಪೂರ್ವ ಪಶ್ಚಿಮವಾಗಿ 36 ಹೆಜ್ಜೆ ದೂರಕ್ಕೆ ಎರಡು ಗೂಟ ಹೊಡೆ. 54 ಹೆಜ್ಜೆಯ ಹಗ್ಗದ ಎರಡು ತುದಿಯನ್ನು ಅವಕ್ಕೆ ಕಟ್ಟು. ಪಶ್ಚಿಮದ ತುದಿಯಿಂದ 15ಕ್ಕೆ ಗುರುತು ಮಾಡಿ ಆ ಗುರುತನ್ನು ಹಿಡಿದು ಪಕ್ಕಕ್ಕೆ ಬಿಗಿಯಾಗಿ ಎಳೆ. ಒಂದು ಕಡೆ 15, ಇನ್ನೊಂದು ಕಡೆ 39, ತಳ 36. ಪಶ್ಚಿಮದ ಗೂಟದಲ್ಲಿ ಮೂಲೆ ತಾನಾಗಿ ಕೂರುತ್ತದೆ. ಇದನ್ನು ಓದಿದ ಮೇಲೆ ನನಗೊಂದು ಚಾಳಿ ಅಂಟಿದೆ. ಗಡಿಯಾಚೆ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಗೆ ಹೋದರೆ ಎಲ್ಲರೂ ದೊಡ್ಡೇಶ್ವರನ ಗುಡಿಯ ಕೆತ್ತನೆ ನೋಡುತ್ತಾರೆ, ನಾನು ಮೂಲೆ ನೋಡುತ್ತೇನೆ.

ಜಗಳ ಬಿಡಿಸಿದ್ದು ಮೇಸ್ತ್ರಿಯೇ. ಶೆಡ್ಡು 29ಕ್ಕೆ 41 ಆಗಲಿ ಎಂದರು. ಗುಣಿಸಿದರೆ 1189, ಉಳಿಯುವುದು ಐದು, ವೃಷಭಾಯ. ಕುರಿಗೆ ಎತ್ತಿನ ಆಯ ಯಾಕೆ ಎಂದು ಅಪ್ಪ ಕೇಳಲಿಲ್ಲವಾದ್ದರಿಂದ ನಾನೂ ಕೇಳಲಿಲ್ಲ. ಹೊರಗಿನ ಅಳತೆ ಏನೇ ಇರಲಿ, ಮೂಲೆ ಹಿಡಿಯುವುದಕ್ಕೆ ಒಳಗೊಂದು ಸಣ್ಣ ಮುಕ್ಕೋಣ ಸಾಕಲ್ಲ. ಆದರೆ ತೀರ ಸಣ್ಣದೂ ಆಗಬಾರದು. 3 ಅಡಿಯ ಮೇಲೆ ಒಂದು ಇಂಚು ತಪ್ಪಿದರೆ 41 ಅಡಿಯ ತುದಿಗೆ ಹೋಗುವಾಗ ಅದು ಒಂದಡಿಗಿಂತ ಹೆಚ್ಚಾಗುತ್ತದೆ. ಅದಕ್ಕೇ ಅವರು 12, 16, 20ನ್ನು ಹಿಡಿದರು. ಗೂಟಗಳನ್ನೂ ಪಾಯದ ಗೆರೆಯ ಮೇಲೆ ಹೊಡೆಯದೆ ಎರಡಡಿ ಹೊರಗೆ ಹೊಡೆದು ದಾರಗಳನ್ನು ಅಡ್ಡಹಾಯಿಸಿದರು, ಗುಂಡಿ ತೋಡುವವನ ಹಾರೆಗೆ ಗುರುತೇ ಎದ್ದುಹೋಗದಂತೆ. ದಾರ ಹಿಗ್ಗುತ್ತದೆಂದು ಅಳೆಯುವುದಕ್ಕೆ ಮಾತ್ರ ಉಕ್ಕಿನ ಟೇಪು.

ಕೊನೆಗೆ ಕರ್ಣ. ಎದುರುಬದುರು ಬದಿಗಳು ಸಮವಿದ್ದೂ ಚೌಕ ವಾಲಿಕೊಂಡಿರಬಹುದು. ಆಗ ಒಂದು ಕರ್ಣ ಉದ್ದ, ಒಂದು ಗಿಡ್ಡ. ಕರ್ಣ ಮಾತ್ರ ಅಳೆದು ಬದಿ ಬಿಟ್ಟರೂ ಮೋಸವೇ. ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದ ಆಕಾರಕ್ಕೂ ಕರ್ಣಗಳು ಸಮ ಬರುತ್ತವೆ. ಬದಿಗಳನ್ನು ಇನ್ನೊಮ್ಮೆ ನೋಡಿ ಕರ್ಣಕ್ಕೆ ಟೇಪು ಹಿಡಿದೆವು. ಒಂದು ಕಡೆ 50 ಅಡಿ ಎರಡೂವರೆ ಇಂಚು, ಇನ್ನೊಂದು ಕಡೆ 50 ಅಡಿ ಎರಡೂ ಮುಕ್ಕಾಲು.

"ಕಾಲಿಂಚು ಐತಲ್ಲ ಮೇಸ್ತ್ರಿ?"

"ಕುರಿ ಟೇಪ್ ಹಿಡಿಯಾಕಿಲ್ಲ, ಬುಡ್ರಣ್ಣ" ಅನ್ನುತ್ತಲೇ ಅವರು ಆಗ್ನೇಯದ ಗೂಟವನ್ನು ಸುತ್ತಿಗೆಯಿಂದ ಒಂದಿಷ್ಟು ಒಳಕ್ಕೆ ತಟ್ಟಿ, ಸುಣ್ಣದ ಪುಡಿ ತರಲು ಹುಡುಗನನ್ನು ಕೂಗಿದರು.