ಕೆರೆ ಹೊಳಪು, ಗೋಡಿನ ಗುಂಡಿ, ನನ್ನ ಪವರ್ ಕಪ್ಪು ಕನ್ನಡಕ

ಹೋದ ವಾರ ನನ್ನ ತಮ್ಮನ ಮಗ ಗ್ರೂಪಿಗೆ ಹಾಕಿದ ಫೋಟೋ ನೋಡಿ ಸುಮಾರು ಜನ ನಕ್ಕಿದೀರಿ. ಪಂಚೆ ಎತ್ತಿ ಕಟ್ಟಿ, ಕೈಯಲ್ಲಿ ಗಾಳದ ಕಡ್ಡಿ, ಮುಖದ ಮೇಲೆ ಕೂಲಿಂಗ್ ಗ್ಲಾಸು. "ಏನಣ್ಣಾ, ಶೂಟಿಂಗ್ ಎಲ್ಲಿ?" ಅಂತ ಒಬ್ಬರು ಕೇಳಿದ್ರು. ಮನೆಯವಳು ನಿಮಗಿಂತ ಮೊದಲೇ ಕೇಳಿ ಆಗಿದೆ. ಆದ್ರೆ ಅದರ ಹಿಂದೆ ಒಂದು ವಿಷಯ ಇದೆ, ಅದನ್ನ ಬರೀಲೇಬೇಕು.

ಎರಡು ಬೇಸಿಗೆ ಹಿಂದೆ ನಮ್ಮ ಕೆರೆ ಪೂರ್ತಿ ಒಣಗಿದಾಗ ಜೆಸಿಬಿ ಇಳಿಸಿ ಗೋಡು ಎತ್ತಿದ್ದು ನಿಮಗೆಲ್ಲ ಗೊತ್ತು. ಗದ್ದೆಗೆ ಬೇಕು ಅಂತ ಎಲ್ಲರೂ ಹೊಡೆಸಿಕೊಂಡ್ವಿ. ನನ್ನ ಗದ್ದೆಗೇ ಹನ್ನೆರಡು ಲೋಡು ಬಂತು, ಸುಳ್ಳು ಹೇಳಲ್ಲ. ಎತ್ತಿದೋರು ಸಮವಾಗಿ ಎತ್ತಲಿಲ್ಲ, ಮಣ್ಣು ಚೆನ್ನಾಗಿರೋ ಕಡೆ ಆಳಕ್ಕೆ ಬಗೆದ್ರು. ಆಮೇಲೆ ಮಳೆ ಬಂತು, ಕೆರೆ ತುಂಬ್ತು, ಗುಂಡಿ ಎಲ್ಲ ನೀರೊಳಗೆ ಹೋಯ್ತು.

ಹೋದ ಕಾರ್ತೀಕದಲ್ಲಿ ಬೆಳಿಗ್ಗೆ ಹತ್ತು ಗಂಟೆ ಇರಬೇಕು, ತೂಬಿನ ಆಚೆ ಜೊಂಡಿನ ಪಕ್ಕ ಗಾಳ ಹಾಕೋಣ ಅಂತ ಮೊಣಕಾಲು ನೀರಲ್ಲಿ ಹೋಗ್ತಾ ಇದ್ದೆ. ಬಿಸಿಲು ಎದುರಿಗೆ. ನೀರು ಅಂದ್ರೆ ನೀರಲ್ಲ, ಹೊಸ ಜಿಂಕ್ ಶೀಟು ಹಾಸಿದ ಹಾಗೆ. ಒಂದು ಹೆಜ್ಜೆ ಮೊಣಕಾಲು, ಮುಂದಿನ ಹೆಜ್ಜೆಗೆ ತಳವೇ ಇಲ್ಲ. ಮುಳುಗಿ ಎದ್ದು, ಜೊಂಡು ಹಿಡಕೊಂಡು ದಡಕ್ಕೆ ಬಂದೆ. ಈಜು ಬರುತ್ತೆ ಅಂತ ಬದುಕಿದೆ. ಕನ್ನಡಕ ಮಾತ್ರ ಗುಂಡಿಗೇ ಹೋಯ್ತು. ಸ್ವಲ್ಪ ಹಿಂದೆ ಇದೇ ತಮ್ಮನ ಮಗ ಬರ್ತಾ ಇದ್ದ. ಅವನಿಗೆ ಈಜು ಬರಲ್ಲ. ಅವನು ಮುಂದೆ ಇದ್ದಿದ್ರೆ ಅನ್ನೋದನ್ನ ಮನೇಲಿ ಇವತ್ತಿಗೂ ಹೇಳಿಲ್ಲ. ಇದನ್ನ ಓದಿದ್ರೆ ಗೊತ್ತಾಗುತ್ತೆ.

ಹೊಸ ಕನ್ನಡಕಕ್ಕೆ ಮಂಡ್ಯದಲ್ಲಿ ಕಣ್ಣು ತೋರಿಸಿದಾಗ ಡಾಕ್ಟರು ಎರಡು ವಿಷಯ ಹೇಳಿದ್ರು. ಒಂದು, ಬಲಗಣ್ಣಲ್ಲಿ ಮೂಗಿನ ಕಡೆಯಿಂದ ದುರ್ಮಾಂಸ ಬೆಳೀತಾ ಇದೆ, ಬಿಸಿಲು ಗಾಳಿ ಧೂಳಲ್ಲಿ ದುಡಿಯೋರಿಗೆ ಜಾಸ್ತಿ, ಬಿಸಿಲಿಂದ ಕಣ್ಣು ಮುಚ್ಚಿಕೊಳ್ಳಿ. ಎರಡು, ನೀವು ಹಾಕ್ತಾ ಇದ್ದಿದ್ದು ಬೈಫೋಕಲ್, ಅದರ ಕೆಳಗಿನ ಭಾಗ ಓದೋಕೆ ಇರೋದು, ಕಾಲ ಹತ್ರ ನೋಡಿದ್ರೆ ಮಸುಕೇ. ನಾನು ಆ ದಿನ ಗುಂಡಿ ಅಂಚನ್ನ ಓದೋ ಗಾಜಲ್ಲಿ ನೋಡ್ತಾ ಇದ್ದೆ, ಅದರ ಮೇಲೆ ಆ ಹೊಳಪು. ಹೆಂಗೆ ಕಾಣಬೇಕು?

ಹೊಳಪಿಗೆ ಪೋಲರೈಸ್ಡ್ ಗಾಜೇ ಬೇಕು, ಬರೀ ಕಪ್ಪು ಗಾಜು ಸಾಲದು. ನನಗೆ ಅರ್ಥವಾದ ಹಾಗೆ ಹೇಳ್ತೀನಿ. ನೀರಿಗೆ ಬಡಿದು ಚಿಮ್ಮೋ ಬೆಳಕಿನ ಅಲೆ ಹೆಚ್ಚಾಗಿ ಅಡ್ಡಡ್ಡ ಇರುತ್ತೆ, ನೀರೊಳಗಿಂದ ಬರೋದು ಹಾಗಿರಲ್ಲ. ಈ ಗಾಜಲ್ಲಿ ಇರೋ ಫಿಲ್ಮು ನಿಲ್ಲಿಸಿದ ಬೇಲಿ ಕಡ್ಡಿ ಥರ, ಅಡ್ಡ ಬರೋದನ್ನ ತಡೆದು ಉದ್ದುದ್ದ ಬರೋದನ್ನ ಮಾತ್ರ ಬಿಡುತ್ತೆ. ಬರೀ ಕಪ್ಪು ಗಾಜು ಎಲ್ಲವನ್ನೂ ಒಂದೇ ಸಮ ಕಮ್ಮಿ ಮಾಡುತ್ತೆ, ಜಿಂಕ್ ಶೀಟು ಕಪ್ಪು ಜಿಂಕ್ ಶೀಟು ಆಗುತ್ತೆ ಅಷ್ಟೆ. ಅದರಲ್ಲಿ ಯುವಿ ತಡೆ ಇಲ್ಲದಿದ್ರೆ ಇನ್ನೂ ಕೆಟ್ಟದ್ದು. ಕತ್ತಲು ಅಂತ ಕಣ್ಣಿನ ಪಾಪೆ ಅಗಲ ಆಗಿ, ಕೆಟ್ಟ ಕಿರಣ ಒಳಗೆ ಹೆಚ್ಚೇ ಹೋಗುತ್ತಂತೆ. ಪೋಲರೈಸ್ಡ್ ಬೇರೆ, ಯುವಿ ಬೇರೆ, ಎರಡನ್ನೂ ಕೇಳಿ ತಗೊಳ್ಳಿ. ಯುವಿ 400 ಅಂತ ಇರಬೇಕು.

ಮೊದಲನೇ ಸಲ ನಾನು ಮೋಸ ಹೋದೆ. ಒಂದು ಅಂಗಡೀಲಿ "ಪೋಲರೈಸ್ಡೇ ಸಾರ್" ಅಂತ 1,400 ರೂಪಾಯಿಗೆ ಪವರ್ ಹಾಕಿ ಕೊಟ್ರು. ಕೆರೆ ಹತ್ರ ಹೋದ್ರೆ ಏನೂ ವ್ಯತ್ಯಾಸ ಇಲ್ಲ. ತಮ್ಮನ ಮಗ ಕ್ಯಾಲ್ಕುಲೇಟರ್ ತಂದು ಪರೀಕ್ಷೆ ತೋರಿಸಿದ. ಕ್ಯಾಲ್ಕುಲೇಟರ್ ಆನ್ ಮಾಡಿ, ಗಾಜಿನ ಮೂಲಕ ನೋಡ್ತಾ ಕನ್ನಡಕಾನ ನಿಧಾನಕ್ಕೆ ತಿರುಗಿಸಬೇಕು. ಪೋಲರೈಸ್ಡ್ ಆದ್ರೆ ಒಂದು ಓರೆಯಲ್ಲಿ ಪರದೆ ಪೂರ್ತಿ ಕಪ್ಪಾಗುತ್ತೆ. ನಂದು ಆಗಲೇ ಇಲ್ಲ. ಎರಡೂ ಗಾಜು ಬೇರೆ ಬೇರೆ ನೋಡಿ, ಎರಡೂ ಒಂದೇ ಓರೆಯಲ್ಲಿ ಕಪ್ಪಾಗಬೇಕು. ಇಲ್ಲದಿದ್ರೆ ಒಂದನ್ನ ಸೊಟ್ಟ ಕೂರಿಸಿದಾರೆ ಅಂತ ಅರ್ಥ. ದುಡ್ಡು ಕೊಡೋಕೆ ಮುಂಚೆ ಅಂಗಡೀಲೇ ಮಾಡಿ, ಅವರ ಕ್ಯಾಲ್ಕುಲೇಟರಲ್ಲೇ ಮಾಡಿ.

ಎರಡನೇದು ಬೇರೆ ಕಡೆ, 2,800 ಬಿತ್ತು. ಈ ಸಲ ಬೈಫೋಕಲ್ ಬೇಡ ಅಂದೆ, ಬರೀ ದೂರದ ಪವರ್. ನಂದು ಮೈನಸ್ ಎರಡೂಕಾಲು, ಜೊತೆಗೆ ಸ್ವಲ್ಪ ಸಿಲಿಂಡರ್. ಮೈನಸ್ ಇರೋರಿಗೆ ಒಂದು ಅನುಕೂಲ, ಕೊಕ್ಕೆಗೆ ದಾರ ಕಟ್ಟೋವಾಗ ಕನ್ನಡಕ ಹಣೆ ಮೇಲೆ ಎತ್ತಿದ್ರೆ ಸಾಕು, ಹತ್ತಿರದ್ದು ಬರಿಗಣ್ಣಿಗೇ ಕಾಣುತ್ತೆ. ಪ್ಲಸ್ ಇರೋರಿಗೆ ಈ ಆಟ ನಡೆಯಲ್ಲ, ಅವರು ಓದೋ ಕನ್ನಡಕ ಜೇಬಲ್ಲಿ ಇಟ್ಕೋಬೇಕು. ಗಾಜು ಪಾಲಿಕಾರ್ಬೊನೇಟ್ ಹಾಕಿಸಿದೆ. ಗಾಳ ಎಳೆದಾಗ ಸೀಸದ ಗುಂಡು ವಾಪಸ್ ಮುಖಕ್ಕೆ ಹಾರೋದು ನೋಡಿದೀರಲ್ಲ, ಅದಕ್ಕೆ. ಕೆನ್ನೆ ತನಕ ಬಾಗಿರೋ ಫ್ರೇಮು ಚೆನ್ನಾಗಿ ಕಾಣುತ್ತೆ, ಆದ್ರೆ ಪವರ್ ಜಾಸ್ತಿ ಇದ್ರೆ ಅಂಚಲ್ಲಿ ಎಲ್ಲ ಸೊಟ್ಟ ಆಗುತ್ತೆ, ತಲೆ ಸುತ್ತು ಬರುತ್ತೆ. ನಾನು ಸ್ವಲ್ಪ ಬಾಗಿದ್ದು ತಗೊಂಡು ಮೇಲೊಂದು ಟೋಪಿ ಹಾಕ್ತೀನಿ.

ಬಣ್ಣದ ವಿಷಯಕ್ಕೆ ಅಂಗಡೀಲಿ ಅರ್ಧ ಗಂಟೆ ನಿಂತೆ. ಬೂದು ಬಣ್ಣದ್ದು ಇದ್ದಿದ್ದು ಇದ್ದ ಬಣ್ಣದಲ್ಲೇ ತೋರಿಸುತ್ತೆ, ನಡು ಮಧ್ಯಾಹ್ನಕ್ಕೆ, ಹಿನ್ನೀರು ಸಮುದ್ರದಂಥ ಬಟ್ಟಬಯಲು ನೀರಿಗೆ ಒಳ್ಳೇದು. ಕಂದು ಬಣ್ಣದ್ದು ನೀಲಿ ಬೆಳಕನ್ನ ಕಡಿಮೆ ಮಾಡಿ ನೆರಳು, ಬೆಳಕು, ಅಂಚು ಎಲ್ಲ ಎದ್ದು ಕಾಣೋ ಹಾಗೆ ಮಾಡುತ್ತೆ. ನಮ್ಮ ಕೆರೆ ನೀರು ಹಸಿರುಮಿಶ್ರಿತ, ಆಳ ಕಮ್ಮಿ, ಜೊಂಡು ಜಾಸ್ತಿ, ಅದಕ್ಕೆ ಕಂದೇ ಸರಿ ಅನಿಸ್ತು. ಹಳದಿ ಬಣ್ಣದ್ದು ಮೋಡ, ಬೆಳಗಿನ ಜಾವ, ಸಂಜೆಗೆ. ಕನ್ನಡಿ ಥರ ಹೊಳೆಯೋ ಲೇಪ ಮೇಲಿನ ಶೋಕಿ, ಬೆಳಕು ಇನ್ನಷ್ಟು ಕಮ್ಮಿ ಆಗುತ್ತೆ ಅನ್ನೋದು ಬಿಟ್ರೆ ಬೇರೇನಿಲ್ಲ. ನೂರರಲ್ಲಿ 15 ಪಾಲು ಬೆಳಕು ಬಿಡೋ ಗಾಜು ನಂದು, ಸೂರ್ಯ ಇಳಿದ ಮೇಲೆ ಹಾಕಿದ್ರೆ ಏರಿ ಮೇಲೆ ದಾರಿನೇ ಕಾಣಲ್ಲ. ರಾತ್ರಿ ಬೈಕ್ ಮೇಲೆ ಅಂತೂ ಹಾಕಲೇಬೇಡಿ.

ಮೊದಲ ದಿನ ಏರಿ ಮೇಲೆ ನಿಂತು ಕೆಳಗೆ ನೋಡಿದ್ದು ಹೇಳ್ತೀನಿ. ನೀರ ಮೇಲೆ ಕೊರವನ ಮರಿಗಳ ಕೆಂಪು ಗುಂಪು ಕುದೀತಾ ಇತ್ತು, ಅದು ಬರಿಗಣ್ಣಿಗೂ ಕಾಣ್ತಿತ್ತು. ಕನ್ನಡಕ ಹಾಕಿದ್ರೆ ಅದರ ಕೆಳಗೆ ಮೊಳದುದ್ದದ ದೊಡ್ಡ ಮೀನು ಅಲ್ಲಾಡದೆ ಕಾವಲು ನಿಂತಿದೆ. ಗಾಳ ಹಾಕಿದ್ರೆ ಕಚ್ಚೋದು ಗ್ಯಾರಂಟಿ, ಮರಿ ಹತ್ರ ಏನು ಬಿದ್ರೂ ಅದು ಹಾಯುತ್ತೆ. ಹಾಕಲಿಲ್ಲ. ಅದನ್ನ ತೆಗೆದ್ರೆ ಆ ಮರಿಗಳನ್ನ ಜಿಲೇಬಿ ಮೀನು ಸಂಜೆ ಒಳಗೆ ಖಾಲಿ ಮಾಡುತ್ತೆ.

ಇನ್ನೂ ಎರಡು ಮಾತು. ಈ ಕಂದು ಗಾಜು ಹಾಕ್ಕೊಂಡು ಬೆಳೆ ನೋಡಬೇಡಿ. ನಾನು ಕೆರೆಯಿಂದ ಹಾಗೇ ಗದ್ದೆಗೆ ಬಂದು ಭತ್ತ ಹಳದಿ ತಿರುಗಿದೆ ಅಂದ್ಕೊಂಡು ಯೂರಿಯಾ ಮೂಟೆ ಬಿಚ್ಚೇ ಬಿಟ್ಟಿದ್ದೆ. ಕನ್ನಡಕ ತೆಗೆದ್ರೆ ಕಪ್ಪಗೆ ಹಸಿರಾಗಿದೆ! ಆಮೇಲೆ ಬಿಸಿಲಲ್ಲಿ ಬೈಕ್ ಟ್ಯಾಂಕ್ ಮೇಲೆ ಇಡಬೇಡಿ, ಒಳಗಿನ ಫಿಲ್ಮು ಬಿಟ್ಕೊಳ್ಳುತ್ತೆ. ಕಡ್ಡಿಗೆ ದಾರ ಕಟ್ಟಿ, ದಾರಕ್ಕೆ ಹಳೇ ಹವಾಯಿ ಚಪ್ಪಲಿಯ ಒಂದು ತುಂಡು ಪೋಣಿಸಿ, ಬಿದ್ರೂ ತೇಲುತ್ತೆ. ಒಂದು ಕನ್ನಡಕ ಕೆರೆಗೆ ಕೊಟ್ಟೋನ ಮಾತು ಇದು.

ಹೊಸ ಮಳೆ ಬಂದು ನೀರು ಕೆಂಪಾದಾಗ ಯಾವ ಗಾಜೂ ತಳ ತೋರಿಸಲ್ಲ. ಈಗ ನೀರು ತಿಳಿಯಾಗಿದೆ. ಸೂರ್ಯ ಬೆನ್ನಿಗೆ ಬಿದ್ದಾಗ ಏಳೆಂಟು ಅಡಿ ಮುಂದಿನ ನೀರು ಚೆನ್ನಾಗಿ ಕಾಣುತ್ತೆ, ಗುಂಡಿ ಅಂಚಲ್ಲಿ ಬಣ್ಣ ಒಮ್ಮೆಗೇ ಕಪ್ಪಾಗೋದು ಗೊತ್ತಾಗುತ್ತೆ. ಹಾಗೆ ನೋಡಿ ನಾಲ್ಕು ಗುಂಡಿ ಗುರುತು ಮಾಡಿದೀನಿ. ಬರೋ ಭಾನುವಾರ ಒಂಬತ್ತು ಗಂಟೆಗೆ ಅಂಚಿನ ಉದ್ದಕ್ಕೂ ಬಿದಿರು ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟೋಣ ಅಂತ. ಮಣ್ಣು ಹೊಡೆಸಿಕೊಂಡೋರು ಮನೆಗೆ ಎರಡು ಗೂಟ ತನ್ನಿ, ಈಜು ಬರೋರು ಬನ್ನಿ, ಉದ್ದದ ಹಗ್ಗ ನಾನು ತರ್ತೀನಿ.