ಹಗರೆಯಲ್ಲಿ ಇಳಿದು

ಬೇಲೂರು ನೋಡಿದ್ದೀರಾ ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ. ಹಳೇಬೀಡನ್ನು ಶಾಲೆಯ ಪ್ರವಾಸದಲ್ಲೇ ನೋಡಿ ಮುಗಿಸಿರುತ್ತಾರೆ. ಹಗರೆ ನೋಡಿದ್ದೀರಾ ಎಂದು ಕೇಳಿ, ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಸನದಿಂದ ಬೇಲೂರಿಗೆ ಹೋಗುವ ಸುಮಾರು 40 ಕಿಲೋಮೀಟರ್ ದಾರಿಯ ನಡುವೆ ಸಿಗುವ ಊರು ಇದು. ಹಳೇಬೀಡಿಗೆ ಹೋಗುವ ರಸ್ತೆ ಇಲ್ಲೇ ತಿರುಗುತ್ತದೆ. ಬಸ್ಸು ನಿಂತು ಹೊರಡುವಷ್ಟರಲ್ಲಿ ಕಿಟಕಿಯಿಂದ ಕಂಡದ್ದಿಷ್ಟೇ ಪ್ರವಾಸಿಗಳ ಪಾಲಿನ ಹಗರೆ. ನನಗೆ ಮಾತ್ರ ಇದು ನಮ್ಮ ದೊಡ್ಡಮ್ಮನ ಮಗಳನ್ನು ಕೊಟ್ಟ ಊರು.

2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತಲ್ಲ, ವರ್ಷಕ್ಕೊಮ್ಮೆ ಹೋಗುತ್ತಿದ್ದವಳು ಈಗ ಮೂರು ಸಲವಾದರೂ ಹೋಗಿಬರುತ್ತೇನೆ. ಈ ಸಲ ಪಕ್ಕದಲ್ಲಿ ಕೂತ ಕಾಲೇಜು ಹುಡುಗಿ ಹಾಸನ ಬಿಟ್ಟಲ್ಲಿಂದ ಫೋನಿನಲ್ಲಿ ಸಿನಿಮಾ ನೋಡುತ್ತಿದ್ದಳು. ನಡುವೆ ಒಂದೆರಡು ನಿಮಿಷ ಚಿತ್ರ ನಿಂತುಹೋದದ್ದಕ್ಕೆ, "ಥೂ, ಈ ನೆಟ್‌ವರ್ಕು!" ಎಂದು ಸಿಡಿಮಿಡಿಗೊಂಡಳು.

ನನಗೆ ನಗು ಬಂತು. ಅಕ್ಕನ ಮಗ ಮೊದಲ ಸಲ ಮೊಮ್ಮಗುವಿನ ಫೋಟೋ ಕಳಿಸಿದಾಗ ಇದ್ದದ್ದು 2ಜಿ. ಸೆಕೆಂಡಿಗೆ ಸುಮಾರು 40 ಕಿಲೋಬಿಟ್ ವೇಗ ಎಂದರೆ ಎರಡು ಮೆಗಾಬೈಟಿನ ಒಂದು ಫೋಟೋ ಇಳಿಯಲು ಆರೇಳು ನಿಮಿಷ. ಒಲೆಯ ಮೇಲೆ ಹಾಲಿಟ್ಟು ಫೋಟೋ ತೆರೆದರೆ, ಹಾಲು ಉಕ್ಕಿದರೂ ಮಗುವಿನ ಹಣೆ ಮಾತ್ರ ಕಂಡಿರುತ್ತಿತ್ತು! 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು, ಕಂಪನಿಗಳು ಪೈಪೋಟಿಗೆ ಬಿದ್ದು 4ಜಿ ಅಗ್ಗವಾದ ಮೇಲೆ ಅದೇ ಫೋಟೋ ಒಂದೆರಡು ಸೆಕೆಂಡಿನ ಮಾತಾಯಿತು. 2022ರ ಅಕ್ಟೋಬರ್‌ನಲ್ಲಿ ದೇಶಕ್ಕೆ 5ಜಿಯೂ ಬಂತು.

ಹಾಸನದಲ್ಲಿ 1982ರಿಂದ ಇಸ್ರೋದ ನಿಯಂತ್ರಣ ಕೇಂದ್ರವಿದೆಯಲ್ಲ, 36,000 ಕಿಲೋಮೀಟರ್ ಎತ್ತರದ ಇನ್ಸಾಟ್ ಉಪಗ್ರಹಗಳನ್ನು ಹದ್ದುಬಸ್ತಿನಲ್ಲಿಡುವುದು? ನಮ್ಮ ಭಾವನವರು ಫೋನಿನ ನೆಟ್ಟೂ ಅಲ್ಲಿಂದಲೇ ಬರುತ್ತದೆಂದು ಬಹಳ ದಿನ ನಂಬಿದ್ದರು. ಹಾಗಲ್ಲ. ಫೋನು ಮಾತಾಡುವುದು ಹತ್ತಿರದ ಟವರಿನ ಜೊತೆ. ಅಲ್ಲಿಂದ ಮುಂದಕ್ಕೆ ಹೆಚ್ಚಾಗಿ ನೆಲದೊಳಗೆ ಹೂತ ಗಾಜಿನ ಎಳೆಯ ಕೇಬಲ್ಲೇ ಸುದ್ದಿ ಹೊರುತ್ತದೆ. ಒಂದು ಟವರನ್ನು ಎಲ್ಲರೂ ಹಂಚಿಕೊಳ್ಳಬೇಕು, ಬೀದಿನಲ್ಲಿಗೆ ಹತ್ತು ಬಿಂದಿಗೆ ಇಟ್ಟ ಹಾಗೆ. ಜನ ಹೆಚ್ಚಾದರೆ ಧಾರೆ ಸಣ್ಣ.

ಅಕ್ಕನ ಮನೆ ಹೊಕ್ಕಾಗ ಅವಳ ಫೋನು ದೇವರ ಗೂಡಿನ ಪಕ್ಕ ಬಟ್ಟೆ ಮುಚ್ಚಿಕೊಂಡು ಮಲಗಿತ್ತು.

"ಯಾಕಕ್ಕ, ಕೆಟ್ಟಿದೆಯಾ?"

"ಕೆಟ್ಟಿರೋದು ಅದಲ್ಲ ಕಣೇ, ನನ್ನ ತಲೆ" ಎಂದವಳು ಕಾಫಿ ಕೊಟ್ಟು, ಭಾವ ಹೊಲದ ಕಡೆ ಹೋದ ಮೇಲೆ ಬಾಯಿ ಬಿಟ್ಟಳು.

ಗ್ಯಾಸ್ ಸಿಲಿಂಡರ್ ಬರುವುದು ತಡವಾಗಿತ್ತಂತೆ. ಕಳೆದ ದೀಪಾವಳಿಗೆ ಬಂದಾಗ ನಾನೇ ಕಲಿಸಿಕೊಟ್ಟಿದ್ದೆ, ಮೈಕಿನ ಗುರುತು ಒತ್ತಿ ಕನ್ನಡದಲ್ಲಿ ಕೇಳಿದರೆ ಸಾಕು ಅಂತ. (ಗೂಗಲ್‌ಗೆ ಮಾತಿನಲ್ಲಿ ಕನ್ನಡ ತಿಳಿಯತೊಡಗಿದ್ದು 2017ರಲ್ಲಿ.) ಅಕ್ಕ ಹಾಗೇ ಕೇಳಿದ್ದಾಳೆ. ಒಂದು ನಂಬರು ಬಂದಿದೆ. ಫೋನೆತ್ತಿದವನು ಬಲು ಮರ್ಯಾದೆಯಿಂದ "ಅಮ್ಮಾ" ಎಂದು ಮಾತಾಡಿ, ಒಂದು ಆ್ಯಪ್ ಹಾಕಿಸಿ, ಹತ್ತು ರೂಪಾಯಿ ಕಳಿಸಿ ಎಂದಿದ್ದಾನೆ. ಆ ಆ್ಯಪ್‌ನಿಂದ ಅವಳ ಫೋನಿನ ಪರದೆಯೆಲ್ಲ ಅವನಿಗೂ ಕಾಣುತ್ತದೆಂದು ಇವಳಿಗೇನು ಗೊತ್ತು? ಕೂಡಿಟ್ಟಿದ್ದ ಗೃಹಲಕ್ಷ್ಮಿಯ ಐದು ಕಂತು, ಹತ್ತು ಸಾವಿರ, ಹೋಯಿತು.

"ಭಾವಂಗೆ ಹೇಳಿದ್ಯಾ?"

"ಮೂರು ದಿನ ಯಾರಿಗೂ ಹೇಳಲಿಲ್ಲ. ನಿನಗ್ಯಾಕೆ ಬೇಕಿತ್ತು ಫೋನು ಅಂತಾರಲ್ಲ."

ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಕೇಳುವುದನ್ನು ಕಲಿಸಿದೆನೇ ಹೊರತು, ಉತ್ತರ ಎಲ್ಲಿಂದ ಬರುತ್ತದೆಂದು ಹೇಳಿರಲಿಲ್ಲ. ಹುಡುಕುವ ಯಂತ್ರ ನಾವು ಕೇಳಿದಾಗ ಲೋಕವೆಲ್ಲ ಸುತ್ತಿ ಬರುವುದಿಲ್ಲ. ಯಾರ್‍ಯಾರೋ ಬರೆದಿಟ್ಟ ಪುಟಗಳನ್ನು ಮೊದಲೇ ಓದಿ, ಯಾವ ಮಾತು ಎಲ್ಲಿದೆ ಎಂದು ಪಟ್ಟಿ ಮಾಡಿಟ್ಟುಕೊಂಡಿರುತ್ತದೆ. ಬೇರೆ ಪುಟಗಳು ಯಾವುದನ್ನು ಹೆಚ್ಚಾಗಿ ತೋರಿಸುತ್ತವೆ ಎಂಬುದೇ ಮೊದಲಾದ ಲೆಕ್ಕ ಹಾಕಿ ಮುಂದೆ ಹಿಂದೆ ಜೋಡಿಸುತ್ತದೆ. ಸುಳ್ಳು ನಂಬರು ಬರೆದಿಟ್ಟವನ ಪುಟವೂ ಆ ಪಟ್ಟಿಯಲ್ಲಿ ಸೇರಬಹುದು. ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಎಲ್ಲಕ್ಕಿಂತ ಮೇಲೆಯೇ ಕೂತಿರಬಹುದು. ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಹಾಗೆಂದು ಬರೆದಿರುತ್ತದೆ, ಆದರೆ ಕನ್ನಡಕವಿಲ್ಲದೆ ಅದನ್ನು ಓದುವವರಾರು?

ಅಕ್ಕನ ಗ್ಯಾಸಿನ ಪುಸ್ತಕ ತೆಗೆಸಿದೆ. ಸರಿಯಾದ ನಂಬರು ರಟ್ಟಿನ ಮೇಲೇ ಅಚ್ಚಾಗಿತ್ತು! ಬ್ಯಾಂಕಿನದು ಪಾಸ್‌ಬುಕ್ಕಿನಲ್ಲಿತ್ತು. ಅವೆರಡನ್ನೂ ಕ್ಯಾಲೆಂಡರಿನ ಅಂಚಿಗೆ ದಪ್ಪಗೆ ಬರೆದು, ಕೆಳಗೆ 1930 ಎಂದು ಸೇರಿಸಿದೆ. ಮೋಸದಿಂದ ದುಡ್ಡು ಹೋದರೆ ಕರೆಮಾಡಬೇಕಾದ ಸರ್ಕಾರದ ಸಂಖ್ಯೆ ಅದು. ದುಡ್ಡು ಕಳ್ಳನ ಖಾತೆಯಿಂದ ಮುಂದೆ ಜಾರುವ ಮುಂಚೆ ತಿಳಿಸಿದರೆ ಅದನ್ನು ಅಲ್ಲೇ ತಡೆಯುವುದು ಸಾಧ್ಯ. ಮೊದಲ ಗಂಟೆಗಳೇ ಮುಖ್ಯ, ಅಕ್ಕ ಸುಮ್ಮನಿದ್ದದ್ದು ಮೂರು ದಿನ. ಆದರೂ ಮಾಡಿಸಿದೆ, ದೂರು ದಾಖಲಾಯಿತು. ಸಂಜೆ ಭಾವನಿಗೆ ನಾನೇ ಹೇಳಿದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ತಮಗೂ ಹೋದ ವರ್ಷ ಲಾಟರಿ ಹೊಡೆದಿದೆ ಎಂದು ಫೋನು ಬಂದಿತ್ತೆಂದೂ, ಎರಡು ಸಾವಿರ ಕಳಿಸಿದ್ದೆನೆಂದೂ ಒಪ್ಪಿಕೊಂಡರು! ಅಕ್ಕ ಅವರನ್ನು ನೋಡಿದ ನೋಟ ಬರೆಯಲಾರೆ.

ಮಾರನೆಯ ದಿನ ಭಾನುವಾರ, ಅಕ್ಕನನ್ನು ಎಬ್ಬಿಸಿಕೊಂಡು ಹಳೇಬೀಡಿಗೆ ಹೊರಟೆ. ಇಷ್ಟು ಹತ್ತಿರವಿದ್ದೂ ಹತ್ತು ವರ್ಷದಿಂದ ಹೋಗಿರಲಿಲ್ಲವಂತೆ. ದಾರಿಯುದ್ದಕ್ಕೂ ಮುಸುಕಿನ ಜೋಳ, ತೆಂಗು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಳೇಬೀಡಿನಲ್ಲಿ ಅಂದು ಜಾತ್ರೆಯಂಥ ಜನ. ಹೊಯ್ಸಳೇಶ್ವರ, ಶಾಂತಲೇಶ್ವರ ಎರಡೂ ಗುಡಿಗಳ ಸುತ್ತ ಆನೆ, ಸಿಂಹ, ಹಂಸಗಳ ಸಾಲು ಹಿಡಿದು ನಡೆದೆವು. ದೊಡ್ಡ ನಂದಿಯ ಹತ್ತಿರ ಕೂತಾಗ ಅಕ್ಕ ಸೆರಗಿನಿಂದ ಫೋನು ತೆಗೆದಳು. ಅವಳು ಬಟ್ಟೆ ಬಿಚ್ಚಿ ಅದನ್ನು ತಂದದ್ದು ನನಗೆ ಗೊತ್ತೇ ಇರಲಿಲ್ಲ.

"ಈ ಗುಡಿ ಯಾವ ರಾಜನ ಕಾಲದ್ದು?" ಎಂದು ಮೈಕಿಗೆ ಕೇಳಿದಳು. ಜನಜಂಗುಳಿಗೆ ಧಾರೆ ಸಣ್ಣವಾಗಿತ್ತು, ಉಂಗುರ ಸುತ್ತುತ್ತಲೇ ಇತ್ತು. ಕೊನೆಗೆ ವಿಷ್ಣುವರ್ಧನ, ಹನ್ನೆರಡನೇ ಶತಮಾನ ಎಂದಿತು.

ಅಕ್ಕ ಎದ್ದು, ಫೋನು ಹಿಡಿದುಕೊಂಡೇ ಗುಡಿಯ ಮುಂದಿನ ಫಲಕದ ತನಕ ಹೋಗಿ, ನಿಧಾನವಾಗಿ ಓದಿ ಬಂದಳು.

"ಇದೊಂದು ಸರಿಯಾಗಿ ಹೇಳಿದೆ ಕಣೇ" ಎಂದಳು.